ಪಾಲಿಗೆ ಸಾಕಿದ ಕುರಿಗಳು

ಪಾಳು ಬಿದ್ದ ಸರ್ಕಾರಿ ಜಾಗ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಹಳೇಬೀಡಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಕಲ್ಲಿದ್ದಲು ಸುಟ್ಟರೆ ಏನಾಗುತ್ತದೆ, ಬಿಸಿಲಿನಿಂದ ಕರೆಂಟು ಹೇಗೆ ಹುಟ್ಟುತ್ತದೆ ಅಂತ ಪ್ರತಿ ವರ್ಷ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುತ್ತೇನೆ. ಅರಸೀಕೆರೆಯಲ್ಲಿರುವ ನನ್ನ ಮನೆಯ ತಾರಸಿ ಮೇಲೆ ಸೋಲಾರ್ ಹೀಟರ್ ಇದೆ, ಅದರ ನೀರಲ್ಲೇ ನಾನು ಬೆಳಿಗ್ಗೆ ಸ್ನಾನ ಮಾಡಿ ಬಸ್ಸು ಹಿಡಿಯುವುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರಿನ ವಿಷಯ ಎತ್ತಿದರೆ ಸಾಕು, ಎದುರಿಗಿದ್ದವರು ನೀವು ಸೋಲಾರ್ ಬೇಡ ಅನ್ನುವವರಾ ಅಂತ ಕೇಳುತ್ತಾರೆ. ನನಗೆ ಸೋಲಾರ್ ಬೇಕು. ನಮ್ಮವ್ವನೂ ಬೇಕು.

ನಮ್ಮೂರು ಕಣಕಟ್ಟೆ ಕಡೆಯದು. ಊರಿನ ತೆಂಗಿನ ತೋಟಗಳು ಮುಗಿದು ರಾಗಿ ಹೊಲಗಳೂ ಮುಗಿದ ಮೇಲೆ ನೆಲ ನಿಧಾನವಾಗಿ ಏರುತ್ತದೆ. ಆ ಏರಿಗೆ ನಾವು ಕಾವಲು ಅನ್ನುತ್ತೇವೆ. ಸರ್ಕಾರದ ಪಹಣಿಯಲ್ಲಿ ಅದು ಗೋಮಾಳ. ತಂಗಡಿ, ಬಂದರೆ, ಕಾರೆ, ಎಲಚಿಯ ಕುರುಚಲು ಗಿಡಗಳು, ಅಲ್ಲೊಂದು ಇಲ್ಲೊಂದು ಜಾಲಿ, ಮಳೆ ಬಿದ್ದ ವಾರಕ್ಕೆ ಮೊಣಕಾಲು ಮುಟ್ಟುವ ಹುಲ್ಲು. ಬೇಸಿಗೆಯಲ್ಲಿ ದೂರದಿಂದ ನೋಡಿದರೆ ಬೋಳಾಗಿಯೇ ಕಾಣುತ್ತದೆ, ಒಪ್ಪುತ್ತೇನೆ. ಜೀಪಿನಿಂದ ಇಳಿಯದೆ ನೋಡುವವರಿಗೆ ಏನು ತಾನೇ ಕಂಡೀತು. ನಮ್ಮವ್ವನಿಗೆ ಆ ಕಾವಲಿನಲ್ಲಿ ಯಾವ ತಿಂಗಳು ಯಾವ ಮೂಲೆಗೆ ಹೋಗಬೇಕು ಎಂಬುದು ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎನ್ನುವಷ್ಟೇ ಸಲೀಸು. ಅದೇನು ದೊಡ್ಡ ವಿದ್ಯೆಯಲ್ಲ. ದಿನಾ ಹೋಗುವವರಿಗೆಲ್ಲ ಗೊತ್ತಿರುತ್ತದೆ.

ಅವ್ವ ಕುರಿ ಮೇಯಿಸುತ್ತಿದ್ದಳು. ಕುರಿಗಳು ನಮ್ಮವಲ್ಲ, ಊರ ಗೌಡರ ಮನೆಯವು. ಇದನ್ನು ಪಾಲಿಗೆ ಸಾಕುವುದು ಅನ್ನುತ್ತಾರೆ. ಗೌಡರು ತಾಯಿಕುರಿಗಳನ್ನು ಕೊಟ್ಟರು, ಅವ್ವ ಅವನ್ನು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿ, ಮೇಯಿಸಿ, ಕಾಲು ಕುಂಟಿದರೆ ಎಣ್ಣೆ ಹಚ್ಚಿ, ಹೆತ್ತರೆ ಬಾಣಂತನ ಮಾಡಿ ನೋಡಿಕೊಂಡಳು. ಹುಟ್ಟಿದ ಮರಿಗಳಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. ಕೊಟ್ಟಿಗೆಯ ಗೊಬ್ಬರ ಪೂರ್ತಿ ನಮಗೆ. ತಾಯಿಕುರಿ ಮಾತ್ರ ಎಷ್ಟು ವರ್ಷ ಕಳೆದರೂ ಅವರದೇ. ನಮ್ಮ ಪಾಲಿನ ಮರಿಗಳು ಹಾಲು ಬಿಟ್ಟ ಕೂಡಲೇ ಸಂತೆಗೆ ಹೋಗುತ್ತಿದ್ದವು, ಯಾಕೆಂದರೆ ನಮ್ಮ ಮನೆಗೆ ಯಾವಾಗಲೂ ಏನಾದರೊಂದು ಬೇಕಾಗಿರುತ್ತಿತ್ತು. ನಾನು ಬಿ.ಎಡ್. ಮುಗಿಸಿದ್ದು ಆ ಮರಿಗಳ ಮೇಲೆಯೇ. ನಮ್ಮಪ್ಪ ಬೌದ್ಧನಾದವನು, ಮನೆಯಲ್ಲಿ ದೇವರ ಗೂಡು ತೆಗೆಸಿ ಬುದ್ಧನ ಪಟ ಹಾಕಿದವನು. ಕುರಿಮರಿ ಮಾರಿ ಮಗಳನ್ನು ಓದಿಸುತ್ತೀಯಲ್ಲೇ ಅಂತ ಅವ್ವನನ್ನು ರೇಗಿಸುತ್ತಿದ್ದ. ಬುದ್ಧ ಬಂದು ಫೀಸು ಕಟ್ಟುತ್ತಾನಾ ಅಂತ ಅವ್ವ ಕೇಳುತ್ತಿದ್ದಳು. ಅಪ್ಪ ಈಗಿಲ್ಲ. ನಾನು ಅರಸೀಕೆರೆಗೆ ಬಂದುಬಿಡು ಅಂತ ಕರೆದಾಗಲೆಲ್ಲ ಅವ್ವ ಕುರಿಗಳನ್ನೇನು ನಿನ್ನ ತಾರಸಿ ಮೇಲೆ ಕಟ್ಟಲಾ ಅನ್ನುತ್ತಿದ್ದಳು.

ಈಗ ಕಿವಿಯೋಲೆಯ ವಿಷಯಕ್ಕೆ ಬರುತ್ತೇನೆ. ಪಶು ಆಸ್ಪತ್ರೆಯವರು ಊರಿಗೆ ಬಂದು ಕುರಿ ಮೇಕೆಗಳಿಗೆಲ್ಲ ಲಸಿಕೆ ಹಾಕಿ, ಕಿವಿಗೆ ಹಳದಿ ಬಣ್ಣದ ಪ್ಲಾಸ್ಟಿಕ್ ಓಲೆ ಚುಚ್ಚಿ, ಅದರ ನಂಬರನ್ನು ಮಾಲೀಕರ ಹೆಸರಿಗೆ ಮೊಬೈಲಿನಲ್ಲಿ ಸೇರಿಸಿಕೊಂಡು ಹೋದ ದಿನ ನಾನು ಊರಲ್ಲೇ ಇದ್ದೆ. ಒಂದೊಂದೇ ಕುರಿಯನ್ನು ಕಾಲ ನಡುವೆ ಇರುಕಿಸಿ ಹಿಡಿದು ನನ್ನ ಸೀರೆಯೆಲ್ಲ ಗಬ್ಬೆದ್ದು ಹೋಗಿತ್ತು. ಬಂದಿದ್ದ ಹುಡುಗ ಯಾರ ಹೆಸರಿಗೆ ಹಾಕಲಿ ಅಂತ ಕೇಳಿದ. ಅವನಿಗೆ ಯಾರ ಹೆಸರಾದರೂ ನಡೆಯುತ್ತಿತ್ತು, ಊಟದ ಹೊತ್ತಾಗಿತ್ತು.

"ಇವೆಲ್ಲ ಗೌಡ್ರ ಮನೇವು ಕಣಪ್ಪ. ನಂದು ಅಂತ ಇರೋದು ಅಗೋ, ಆ ಎರಡು ಮೇಕೆ," ಅಂದಳು ಅವ್ವ.

ಸಾಕುವವಳು ನೀನು, ನಿನ್ನ ಹೆಸರಿಗೇ ಹಾಕಿಸಬಹುದಲ್ಲ, ಏನಾದರೂ ಸವಲತ್ತು ಬಂದರೆ ಅಂತ ನಾನು ಪಿಸುಗುಟ್ಟಿದೆ. ಅವ್ವ ನನ್ನನ್ನು ಒಂದು ನೋಟ ನೋಡಿದಳು. ಚಿಕ್ಕಂದಿನಲ್ಲಿ ಪಕ್ಕದವರ ಹಿತ್ತಲಿಂದ ಸೀಬೆಕಾಯಿ ಕಿತ್ತು ತಂದಾಗ ನೋಡಿದ್ದಳಲ್ಲ, ಹಾಗೆ.

"ಕಂಡೋರ ಕುರಿಗೆ ನನ್ನ ಹೆಸ್ರು ಹಾಕ್ಸೋಕೆ ನಾನೇನ್ ಕಳ್ಳಿಯಾ?"

ಪಾಲಿಗೆ ಸಾಕುವವರ ಮರ್ಯಾದೆಯೇ ಅದು. ಕುರಿ ಸತ್ತರೆ ಚರ್ಮ ತಂದು ತೋರಿಸುತ್ತಾರೆ. ಅವಳಿ ಮರಿ ಹುಟ್ಟಿದರೆ ಹುಟ್ಟಿದ ದಿನವೇ ಹೋಗಿ ಹೇಳುತ್ತಾರೆ. ಬೇರೆಯವರದನ್ನು ನನ್ನದು ಎಂದ ಹೆಂಗಸಿಗೆ ಆಮೇಲೆ ಊರಲ್ಲಿ ಯಾರೂ ಒಂದು ಮರಿಯನ್ನೂ ಕೊಡುವುದಿಲ್ಲ. ಹಾಗಾಗಿ ಇಡೀ ಕೊಟ್ಟಿಗೆ ಗೌಡರ ಹೆಸರಿಗಾಯಿತು, ಎರಡು ಮೇಕೆ ಅವ್ವನ ಹೆಸರಿಗೆ. ಅವಳು ಮಾಡಿದ ತಪ್ಪು ಅಂತ ಏನಾದರೂ ಇದ್ದರೆ ಅದು ಅಷ್ಟೇ. ನಿಜ ಹೇಳಿದಳು.

ಅದಾದ ಮೇಲೆ ಕಾವಲಿಗೆ ಸೋಲಾರ್ ಬರುತ್ತದೆ ಎಂಬ ಸುದ್ದಿ ಬಂತು. ಕಾವಲಿನಲ್ಲಿ ಕರೆಂಟು ತಯಾರಿಸಿ ಸುತ್ತಲ ಊರುಗಳ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲೇ ಕೊಡುವ ಯೋಜನೆ. ಒಳ್ಳೆಯ ಯೋಜನೆ. ನಾನು ಮನಸಾರೆ ಹೇಳುತ್ತೇನೆ, ಒಳ್ಳೆಯದು. ರಾತ್ರಿ ಕರೆಂಟು ಬಂದಾಗ ಟಾರ್ಚು ಹಿಡಿದು ತೋಟಕ್ಕೆ ಹೋಗಿ ಹಾವು ತುಳಿದವರು ನಮ್ಮ ಕಡೆ ಪ್ರತಿ ಊರಲ್ಲೂ ಇದ್ದಾರೆ. ಬೇಲೂರಿನಾಚೆ ಅರೇಹಳ್ಳಿ ಕಡೆಯಿಂದ ಬರುವ ನನ್ನ ಸಹೋದ್ಯೋಗಿಯೊಬ್ಬರು, ನಿಮಗೆ ಬರೀ ಹಾವು, ನಮಗೆ ಆನೆ ಅನ್ನುತ್ತಿರುತ್ತಾರೆ. ನಮ್ಮ ಗೌಡರೇ ಒಂದು ಸಲ ಕತ್ತಲಲ್ಲಿ ಕಾಲುವೆಗೆ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರಿಗೆ ಹಗಲು ಕರೆಂಟು ಸಿಕ್ಕರೆ ನನಗೇನು ಹೊಟ್ಟೆಯುರಿ.

ಆದರೆ ಸಭೆ ಕರೆದರಲ್ಲ, ಅದರ ವೈಖರಿ ಕೇಳಿ. ಪಂಪ್‌ಸೆಟ್ ಇರುವವರಿಗೆ ಮನೆಮನೆಗೆ ಹೇಳಿ ಕಳಿಸಿದರು. ಸಭೆಯಿಟ್ಟದ್ದು ಬೆಳಿಗ್ಗೆ ಹನ್ನೊಂದಕ್ಕೆ, ಪಂಚಾಯ್ತಿ ಕಟ್ಟಡದಲ್ಲಿ. ಆ ಹೊತ್ತಿಗೆ ಕುರಿ ಮೇಯಿಸುವವರು, ಸೌದೆಗೆ ಹೋಗುವವರು, ಪೊರಕೆ ಹುಲ್ಲು ಕೊಯ್ಯುವವರು ಎಲ್ಲಿರುತ್ತಾರೆ? ಕಾವಲಿನಲ್ಲಿ. ಯಾವ ನೆಲದ ಬಗ್ಗೆ ಸಭೆಯೋ ಆ ನೆಲದ ಮೇಲೆಯೇ ನಿಂತಿದ್ದರು, ಸಭೆಗೆ ಮಾತ್ರ ಯಾರೂ ಬರಲಿಲ್ಲ. ಆಕ್ಷೇಪಣೆ ಬಂದಿಲ್ಲ ಅಂತ ಬರೆದುಕೊಂಡರು. ಜಾಗ ಪಾಳು ಬಿದ್ದಿದೆ ಅಂತಲೂ ಬರೆದುಕೊಂಡರು. ಸಂಜೆ ಕುರಿಗಳೊಂದಿಗೆ ಇಳಿದು ಬಂದ ಅವ್ವನಿಗೆ ಅಂಗಡಿಯ ಮುಂದೆ ಯಾರೋ ವಿಷಯ ಹೇಳಿದರಂತೆ. ಅವಳು ಫೋನಿನಲ್ಲಿ ನನಗೆ ಹೇಳಿದಾಗ ಅವಳ ದನಿಯಲ್ಲಿ ಇದ್ದದ್ದು ಕೋಪವಲ್ಲ, ಸೋಜಿಗ. ನಾವು ಅಷ್ಟು ಜನ ದಿನಾ ಓಡಾಡೋ ಜಾಗ ಪಾಳು ಹೆಂಗಾಯ್ತದೆ ಅಂತ ಕೇಳಿದಳು. 

ಬೇಲಿ ಬಂತು. ತಂಗಡಿ ಬಂದರೆಗಳನ್ನು ಜೆಸಿಬಿ ಬೇರು ಸಮೇತ ಎತ್ತಿ ರಾಶಿ ಹಾಕಿತು. ಅವ್ವ ಬೇಲಿಯ ಸುತ್ತ ಬಳಸಿಕೊಂಡು ಆಚೆ ಕಡೆಯ ಕಲ್ಲು ನೆಲಕ್ಕೆ ಕುರಿ ಹೊಡೆದುಕೊಂಡು ಹೋಗುವುದು ಶುರುವಾಯಿತು. ಹೋಗುವಾಗಲೇ ಅರ್ಧ ದಿನ. ಕುರಿಗಳ ಪಕ್ಕೆಲುಬು ಕಾಣತೊಡಗಿತು, ಅವ್ವನದೂ.

ನಾನು ಸುಮ್ಮನೆ ಕೂರುವವಳಲ್ಲ. ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವವಳು ಅಂತ ಶಾಲೆಯಲ್ಲಿ ನನಗೆ ಹೆಸರಿದೆ, ಅದು ಸುಳ್ಳೂ ಅಲ್ಲ. ಮೇಯಿಸುವ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಅರಸೀಕೆರೆಯ ತಾಲ್ಲೂಕು ಕಚೇರಿಗೆ ಅಲೆದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸಾಹೇಬರು ಹಾಸನಕ್ಕೆ ಹೋಗಿದ್ದಾರೆ, ಸಾಹೇಬರು ಬದಲಾದರು. ಕೊನೆಗೊಬ್ಬ ಅಧಿಕಾರಿ ಕೂತು ಕೇಳಿದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತು ಮೆದು. ಸೋಲಾರ್ ಫಲಕಗಳ ಕೆಳಗೆ ಹುಲ್ಲು ಹೇಗೂ ಬೆಳೆಯುತ್ತದೆ, ಅದನ್ನು ಕೊಯ್ಯಲು ಕಂಪನಿಯವರು ಯಂತ್ರ ತರಬೇಕು, ಇಲ್ಲವೇ ಔಷಧಿ ಹೊಡೆದು ಸಾಯಿಸಬೇಕು, ಅದರ ಬದಲು ಕುರಿ ಬಿಡಿ ಅಂತ ನಾನು ಹೇಳಿದೆ. ಅವರು ತಲೆಯಾಡಿಸಿದರು. ಕೆಲವು ತಿಂಗಳಾದ ಮೇಲೆ ನಿಜಕ್ಕೂ ಆದೇಶ ಬಂತು. ಯೋಜನೆಯಿಂದ ತೊಂದರೆಗೊಳಗಾದ ಕುರಿ ಸಾಕಣೆದಾರರಿಗೆ ಬೇಲಿಯೊಳಗೆ ಮೇಯಿಸಲು ಪಾಸು ಕೊಡುತ್ತೇವೆ ಎಂದರು. ಮೇಕೆಗಳಿಗೆ ಇಲ್ಲ, ಮೇಕೆ ಫಲಕ ಹತ್ತಿ ಕುಣಿಯುತ್ತದೆ. ಅದೂ ನ್ಯಾಯವೇ. ಆ ದಿನ ನಾನು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಮೈಸೂರು ಪಾಕು ಕಟ್ಟಿಸಿಕೊಂಡು ಊರಿಗೆ ಹೋದೆ. ಸರ್ಕಾರಕ್ಕೂ ಕಿವಿ ಇದೆ ಕಣವ್ವ ಅಂತ ಹೇಳಿದೆ.

ಪಾಸು ಕೊಡುವ ದಿನ ನಮ್ಮೂರ ಶಾಲೆಯ ಅಂಗಳದಲ್ಲಿ ಮೇಜು ಹಾಕಿದ್ದರು. ಅದೇ ಮೆದು ಮಾತಿನ ಅಧಿಕಾರಿ. ಕುರಿ ಸಾಕಣೆದಾರರು ಯಾರು ಅಂತ ಕಂಡುಹಿಡಿಯಲು ಅವರು ಒಂದು ಸುಲಭದ ದಾರಿ ಇಟ್ಟುಕೊಂಡಿದ್ದರು. ಕಿವಿಯೋಲೆಯ ನಂಬರು ಯಾರ ಹೆಸರಲ್ಲಿದೆಯೋ ಅವರು. ಅವ್ವನ ಸರದಿ ಬಂದಾಗ ಮೊಬೈಲು ಒತ್ತಿ ನೋಡಿ, ನಿಮ್ಮ ಹೆಸರಲ್ಲಿ ಎರಡು ಮೇಕೆ ಇವೆ, ಮೇಕೆಗೆ ಪಾಸಿಲ್ಲ ಅಂದರು. ಅವ್ವ ಹಿಂದೆ ನಿಂತವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಳು. ಅವಳ ಹಿಂದೆ ನಿಂತವನು ಗೌಡರ ಮಗ. ಅಪ್ಪನ ಪರವಾಗಿ ಅವನಿಗೆ ಪಾಸು ಸಿಕ್ಕಿತು. ಆ ಕುರಿಗಳ ಹಿಂದೆ ಕಾವಲಿನಲ್ಲಿ ಒಂದು ದಿನವೂ ನಡೆಯದವನಿಗೆ.

ನಾನು ಮೇಜಿನ ಮುಂದೆ ಹೋಗಿ ನಿಂತೆ. ನನ್ನ ದನಿ ಮೆದುವಾಗಿರಲಿಲ್ಲ.

"ಕುರಿ ಯಾರದು ಅಂತ ಕೇಳಿದ್ರಿ. ಇಷ್ಟು ವರ್ಷ ಅದರ ಹಿಂದೆ ನಡೆದೋರು ಯಾರು ಅಂತ ಯಾರಾದ್ರೂ ಕೇಳಿದ್ರಾ ಸರ್?"

"ಮೇಡಂ, ನಿಮ್ಮಂಥ ಓದಿದೋರೇ ಹೀಗಂದ್ರೆ ಹೇಗೆ? ಪಾಲು ಅನ್ನೋದಕ್ಕೆ ನಮ್ಮಲ್ಲಿ ಜಾಗನೇ ಇಲ್ಲ. ಒಂದು ಪ್ರಾಣಿಗೆ ಒಬ್ಬರೇ ಮಾಲೀಕರು," ಅಂದರು ಅವರು. ನಿಯಮ ನಾವು ಮಾಡಿದ್ದಲ್ಲ ಅಂತಲೂ ಸೇರಿಸಿದರು.

ಇದೇ ನೋಡಿ ನನ್ನ ತಲೆ ಕೆಡಿಸುವುದು. ನಿಯಮ ಯಾರೂ ಮಾಡಿದ್ದಲ್ಲ. ಅದು ಆಲಿಕಲ್ಲಿನ ಹಾಗೆ ಮೇಲಿಂದ ಬೀಳುತ್ತದೆ, ಯಾರ ಹೊಲದಲ್ಲಿ ಬಿತ್ತೋ ಅವರ ಹಣೆಬರಹ. ಬೆಂಗಳೂರಿನಲ್ಲಿ ಕೂತು ನಿಯಮ ಬರೆದವರು ಕೆಟ್ಟವರೇನೂ ಇರಲಿಕ್ಕಿಲ್ಲ. ಬಡವರಿಗೂ ಸಿಗಲಿ ಅಂತಲೇ ಬರೆದಿರುತ್ತಾರೆ. ಆದರೆ ಅವರಿಗೆ ಆಸ್ತಿ ಇರುವವನು ಮಾತ್ರ ಕಣ್ಣಿಗೆ ಕಾಣುತ್ತಾನೆ. ಪಂಪ್‌ಸೆಟ್ ಇದ್ದವನು ಕಾಣುತ್ತಾನೆ, ಕಿವಿಯೋಲೆ ಇದ್ದವನು ಕಾಣುತ್ತಾನೆ, ಪಹಣಿಯಲ್ಲಿ ಹೆಸರಿದ್ದವನು ಕಾಣುತ್ತಾನೆ. ಒಂದು ನೆಲದಿಂದ ಹೊಟ್ಟೆ ಹೊರೆದುಕೊಂಡೂ ಅದರ ಮೇಲೆ ಯಾವ ಹಕ್ಕನ್ನೂ ಬರೆಸಿಕೊಳ್ಳದ ಹೆಂಗಸು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಒಂದೇ ಒಂದು ಸಂಜೆ, ಕುರಿಗಳು ಇಳಿದು ಬರುವ ಹೊತ್ತಿಗೆ ಕಾವಲಿನ ಬಾಯಲ್ಲಿ ಒಬ್ಬ ಗುಮಾಸ್ತ ಕುರ್ಚಿ ಹಾಕಿಕೊಂಡು ಕೂತಿದ್ದರೆ ಸಾಕಿತ್ತು. ಯಾರು ಯಾವ ಮಂದೆಯ ಹಿಂದೆ ಬರುತ್ತಾರೆ ಅಂತ ಕಣ್ಣಾರೆ ನೋಡಬಹುದಿತ್ತು. ಸಭೆಯನ್ನು ದೀಪ ಹಚ್ಚಿದ ಮೇಲೆ ಇಡಬಹುದಿತ್ತು. ಪಾಸನ್ನು ಮೇಯಿಸುವವರ ಕೈಗೆ ಕೊಟ್ಟು, ಪಾಲಿನ ಕರಾರು ಮುರಿಯುವ ಹಾಗಿಲ್ಲ ಅಂತ ಒಂದು ಸಾಲು ಬರೆಯಬಹುದಿತ್ತು. ಬಿಸಿಲನ್ನು ಕರೆಂಟು ಮಾಡುವ ಬುದ್ಧಿ ಇರುವವರಿಗೆ ಇಷ್ಟು ಹೊಳೆಯುವುದಿಲ್ಲವೇ? ಹೊಳೆಯುತ್ತದೆ. ಬೇಕಿಲ್ಲ ಅಷ್ಟೇ.

ಪಾಸು ಗೌಡರ ಮನೆ ಸೇರಿದ ವಾರದಲ್ಲೇ ಗೌಡರು ಅವ್ವನನ್ನು ಕರೆಸಿದರು. ನಾನೂ ಹೋದೆ. ಗೌಡರು ದುಷ್ಟರಲ್ಲ. ಅಪ್ಪ ತೀರಿಕೊಂಡಾಗ ರಾಗಿ ಕಳಿಸಿದವರು, ನನಗೆ ಕೆಲಸ ಸಿಕ್ಕಾಗ ಜಗಲಿ ಮೇಲೆ ಕೂರಿಸಿ ಕಾಫಿ ಕೊಡಿಸಿದವರು. ಆವತ್ತೂ ಕೂರಿಸಿದರು. ಬಾರಮ್ಮಿ, ಬನ್ನಿ ಮೇಷ್ಟ್ರಮ್ಮ ಅಂತ ನಮ್ಮಿಬ್ಬರನ್ನೂ ಬೇರೆ ಬೇರೆ ಮರ್ಯಾದೆಯಲ್ಲಿ ಕರೆದರು. ಆಮೇಲೆ ವಿಷಯಕ್ಕೆ ಬಂದರು.

"ಪಾಲು ಗೀಲು ಇನ್ಯಾಕಮ್ಮಿ? ಹುಲ್ಲು ಈಗ ನಮ್ ಪಾಸ್‌ನಾಗೇ ಸಿಕ್ತದೆ. ನೀನು ದಿನಗೂಲಿ ತಗಂಡು ಮೇಯ್ಸು, ನಿಂಗೂ ನಿಶ್ಚಿಂತೆ."

ಎಷ್ಟು ಸಲೀಸಾಗಿ ಅಂದರು. ಕಾವಲು ಎಲ್ಲರದಾಗಿದ್ದಾಗ ಕುರಿ ಅವರದು, ಹುಲ್ಲು ಊರಿನದು, ದುಡಿಮೆ ಅವ್ವನದು, ಹಾಗಾಗಿ ಮರಿಯಲ್ಲಿ ಪಾಲು. ಈಗ ಹುಲ್ಲೂ ಅವರದಾದ ಮೇಲೆ ಪಾಲು ಯಾಕೆ ಕೊಡಬೇಕು? ಲೆಕ್ಕ ಅವರ ಕಡೆಯಿಂದ ಸರಿಯಾಗಿಯೇ ಇತ್ತು. ಸರ್ಕಾರ ಬೇಲಿ ಹಾಕಿದ್ದು ಕಾವಲಿಗೆ, ಅದು ಬಂದು ನಿಂತದ್ದು ಗೌಡರಿಗೂ ಅವ್ವನಿಗೂ ನಡುವೆ. ಹಿಂದಿನ ಸಂಜೆಯವರೆಗೆ ಅರ್ಧ ಪಾಲಿನವಳಾಗಿದ್ದ ಅವ್ವ ಆ ಜಗಲಿಯ ಮೇಲೆ ಕೂಲಿಯವಳಾದಳು. ಹಸಿರು ಯೋಜನೆಯಿಂದ ನಮ್ಮ ಮನೆಗೆ ಆದ ಉಪಕಾರ ಅದು.

ಅವ್ವ ಕಾಫಿ ಲೋಟ ಕೆಳಗಿಟ್ಟಳು. ಮೂರ್ನಾಕು ಕುರಿ ಗಬ್ಬ ಆಗವೆ, ಹೊಟ್ಟೇಲಿರೋ ಮರಿಗೆ ಪಾಲು ಐತಲ್ಲ ಗೌಡ್ರೇ ಅಂತ ಮಾತ್ರ ಕೇಳಿದಳು. ನಮ್ಮ ಕಡೆಯ ಪದ್ಧತಿಯೂ ಅದೇ. ಪಾಲು ಮುರಿಯುವುದಾದರೂ ಗಬ್ಬದ ಕುರಿ ಸಾಕಿದವರ ಕೊಟ್ಟಿಗೆಯಲ್ಲೇ ಈಯಬೇಕು. ಗೌಡರು ಮಗನ ಮುಖ ನೋಡಿದರು. ಮರಿ ಹುಟ್ಟಿದ ಮೇಲೆ ಅದಕ್ಕೂ ನಮ್ಮ ಹೆಸರಲ್ಲೇ ಓಲೆ ಹಾಕಿಸಬೇಕಂತೆ, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲವಂತೆ ಅಂತ ಮಗ ಹೇಳಿದ. ಹುಟ್ಟದ ಮರಿಗಳಿಗೂ ಅಲ್ಲಿ ಮಾಲೀಕರಿದ್ದರು.

"ಕೂಲಿಗಾದ್ರೆ ಬೇರೆ ಯಾರಾನ ನೋಡ್ಕಳಿ," ಅಂದು ಅವ್ವ ಎದ್ದಳು.

ಮಾರನೇ ದಿನ ಬೆಳಿಗ್ಗೆ ಕುರಿಗಳನ್ನೆಲ್ಲ ಹೊಡೆದುಕೊಂಡು ಹೋಗಿ ಗೌಡರ ಅಂಗಳದಲ್ಲಿ ಬಿಟ್ಟು ಬಂದಳಂತೆ. ಸಂಜೆ ಅವು ಸಾಲು ಹಿಡಿದು ನಮ್ಮ ಕೊಟ್ಟಿಗೆಗೇ ಬಂದು ನಿಂತವು. ಅವ್ವ ಮತ್ತೆ ಹೊಡೆದುಕೊಂಡು ಹೋಗಿ ಬಿಟ್ಟಳು. ಅವು ಮರುದಿನವೂ ಬಂದವು. ಒಳಗೆ ಬಿಟ್ಟುಕೊಂಡರೆ ಕದ್ದ ಹಾಗಾಗುತ್ತದೆ ಅಂತ ಅವಳು ಕೊಟ್ಟಿಗೆಯ ಬಾಗಿಲಿಗೆ ತೆಂಗಿನ ಗರಿ ಅಡ್ಡ ಕಟ್ಟಿದಳು. ಇದನ್ನೆಲ್ಲ ನನಗೆ ಫೋನಿನಲ್ಲಿ ಹೇಳಿದ್ದು ಪಕ್ಕದ ಮನೆಯವರು, ಅವ್ವ ಹೇಳಲಿಲ್ಲ.

ಆಮೇಲೆ ದಸರಾ ರಜೆ ಬಂತು, ನಾನು ಊರಿಗೆ ಹೋಗಿದ್ದೆ. ಬೇಲಿಯೊಳಗೆ ಕುರಿ ಬಿಡುವ ಕಾರ್ಯಕ್ರಮದ ಉದ್ಘಾಟನೆಯಂತೆ ಆವತ್ತು. ಶಾಮಿಯಾನ, ಕುರ್ಚಿ, ಫೋಟೋದವರು ಎಲ್ಲ ಬಂದಿದ್ದರು. ಕುರಿಗಳು ಮಾತ್ರ ಗೇಟಿನ ಬಳಿ ಗುಂಪುಗಟ್ಟಿ ನಿಂತುಬಿಟ್ಟಿದ್ದವು. ಫಲಕಗಳ ಹೊಳಪಿಗೆ ಬೆದರಿದವೋ, ಗೌಡರು ಹೊಸದಾಗಿ ಇಟ್ಟುಕೊಂಡಿದ್ದ ಆಳಿನ ಗದರಿಕೆಗೆ ಬೆದರಿದವೋ, ಒಳಗೆ ಒಂದು ಹೆಜ್ಜೆ ಇಡಲೊಲ್ಲವು. ಎಳೆದರು, ಹೊಡೆದರು, ಹೊತ್ತುಕೊಂಡು ಹೋಗಿ ಇಳಿಸಿದರು. ಇಳಿಸಿದವು ಓಡಿ ಆಚೆ ಬಂದವು. ಕೊನೆಗೆ ಗೌಡರ ಮಗ ಬೈಕಿನಲ್ಲಿ ನಮ್ಮ ಮನೆಗೆ ಬಂದು ಅವ್ವನನ್ನು ಕರೆದ.

ನಾನು ಬಾಗಿಲಿಗೆ ಅಡ್ಡ ನಿಂತೆ. ಹೋಗಬೇಡ, ಅವರ ಫೋಟೋ ಅವರೇ ತೆಗೆಸಿಕೊಳ್ಳಲಿ, ಆ ಕುರಿಗಳು ಒಳಗೆ ಹೋಗದಿದ್ದರೆ ಆಗಲಾದರೂ ಇವರಿಗೆ ಬುದ್ಧಿ ಬರುತ್ತದೆ ಅಂತ ಕಿರುಚಿದೆ. ಅವ್ವ ಸೆರಗು ಸಿಕ್ಕಿಸಿಕೊಂಡಳು.

"ಬೆಳಗ್ಗಿಂದ ಮೇವು ಮುಟ್ಟಿಲ್ವಂತೆ ಕಣವ್ವ. ಗಬ್ಬದವೂ ಅವೆ. ಸಿಟ್ಟು ಅವ್ರ ಮೇಲೆ, ಕುರಿ ಮೇಲ್ಯಾಕೆ?"

ಅವಳ ಹಿಂದೆಯೇ ನಾನೂ ಹೋದೆ. ಅವಳು ಗೇಟಿನಿಂದ ತುಸು ದೂರ ನಿಂತು, ನಾಲಿಗೆ ಹೊರಳಿಸಿ, ಕಾವಲಿನಲ್ಲಿ ಕರೆಯುತ್ತಿದ್ದ ಹಾಗೆ ಒಂದು ಸಲ ಕರೆದಳು. ಇಡೀ ಮಂದೆ ತಿರುಗಿತು. ಅವಳು ಮುಂದೆ ಮುಂದೆ, ಅವು ಹಿಂದೆ ಹಿಂದೆ, ಗೇಟು ದಾಟಿ ಫಲಕಗಳ ನೆರಳಿಗೆ ಹೋದವು. ಶಾಮಿಯಾನದಲ್ಲಿ ಚಪ್ಪಾಳೆ ಬಿತ್ತು. ಯಾರಿಗೆ ಹೊಡೆದರೋ. ಕುರಿಗಳು ಹುಲ್ಲಿಗೆ ಬಾಯಿ ಹಾಕಿದ ಮೇಲೆ ಗೇಟಿನ ಕಾವಲುಗಾರ ಅವ್ವನ ಹತ್ತಿರ ಬಂದು, ಪಾಸು ಇದ್ದವರು ಮಾತ್ರ ಒಳಗಿರಬೇಕು ಅಂದ. ಅವಳು ಆಚೆ ಬಂದು ಬೇಲಿ ಕಂಬಕ್ಕೆ ಕೈ ಕೊಟ್ಟು ನಿಂತಳು. ಅಲ್ಲೂ ನಿಲ್ಲಗೊಡಲಿಲ್ಲ. ಫೋಟೋದವನು, ಅಜ್ಜಿ, ಸ್ವಲ್ಪ ಎಡಕ್ಕೆ ಹೋಗಿ, ನೀವು ಫೋಟೋದಲ್ಲಿ ಬರ್ತಾ ಇದ್ದೀರ ಅಂದ. ಅವ್ವ ಎಡಕ್ಕೆ ಹೋದಳು. ಇನ್ನೂ ಸ್ವಲ್ಪ ಅಂದ. ಇನ್ನೂ ಹೋದಳು.

ಆ ಫೋಟೋ ಈಗ ಹಳೇಬೀಡಿನಲ್ಲಿ, ಪ್ರವಾಸಿಗರ ಗಾಡಿಗಳು ಬೇಲೂರಿನ ಕಡೆ ತಿರುಗುವಲ್ಲಿ ದೊಡ್ಡ ಬೋರ್ಡಾಗಿ ನಿಂತಿದೆ. ದಿನಾ ಬಸ್ಸಿಳಿದು ಶಾಲೆಗೆ ನಡೆಯುವಾಗ ನಾನು ಅದರ ಕೆಳಗೇ ಹಾದು ಹೋಗಬೇಕು. ನೀಲಿ ಫಲಕಗಳು, ಹಸಿರು ಹುಲ್ಲು, ಬಿಳಿ ಅಂಗಿಯ ಗೌಡರ ಮಗ, ಪಕ್ಕದಲ್ಲಿ ಮೆದು ಮಾತಿನ ಅಧಿಕಾರಿ, ಎಲ್ಲರನ್ನೂ ಜೊತೆಗೊಯ್ಯುವ ಹಸಿರು ಅಂತ ಮೇಲೆ ದಪ್ಪ ಅಕ್ಷರ. ಮನುಷ್ಯರಿಬ್ಬರೂ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಕುರಿಗಳು ಒಂದೂ ಕ್ಯಾಮೆರಾ ನೋಡುತ್ತಿಲ್ಲ. ಅಷ್ಟೂ ಕುರಿಗಳು ಮೇಯುವುದು ಬಿಟ್ಟು ತಲೆಯೆತ್ತಿ, ಕಿವಿಯಲ್ಲಿ ಹಳದಿ ಓಲೆ ಹಾಕಿಕೊಂಡು, ಒಂದೇ ಕಡೆ ನೋಡುತ್ತಿವೆ, ಎಡಕ್ಕೆ, ಬೋರ್ಡಿನಿಂದಾಚೆ. ಅಲ್ಲಿ ಏನಿತ್ತು ಅಂತ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಅಲ್ಲಿ ನಮ್ಮವ್ವ ನಿಂತಿದ್ದಳು.